ಏರಿ, ತೂಬು, ಕೋಡಿ ಮತ್ತು ಶಾಸನ ಹೇಳದ ಜೊಂಡು

ನಮ್ಮಲ್ಲಿ ಕೆರೆ ಶಾಸನಗಳಿಗೆ ಬರವಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟ ತೆರೆದರೂ ಯಾರೋ ಒಬ್ಬರು ಕೆರೆ ಕಟ್ಟಿಸಿರುತ್ತಾರೆ, ಇನ್ನೊಬ್ಬರು ಒಡೆದ ಏರಿ ಸರಿಮಾಡಿಸಿ ಕೊಡಗೆ ಪಡೆದಿರುತ್ತಾರೆ. ಓದುತ್ತಾ ಹೋದಂತೆ ಏರಿ, ತೂಬು, ಕೋಡಿ, ಕಾಲುವೆ, ಗದ್ದೆ ಎಂಬ ಪದಗಳು ಬಾಯಿಪಾಠವಾಗಿಬಿಡುತ್ತವೆ. ಆದರೆ ಇದೇ ಶಾಸನಗಳಲ್ಲಿ ಕೆರೆಯೊಳಗೆ ಬೆಳೆಯುತ್ತಿದ್ದ ಗಿಡಗಳನ್ನು ಹುಡುಕಿ ನೋಡಿ, ಸಿಗೋದು ಬಹಳ ಕಡಿಮೆ. ಈ ಮೌನಕ್ಕೆ ಕಾರಣ ಏನಿರಬಹುದು, ಇಂದಿನ ಕೆರೆ ಪುನರುಜ್ಜೀವನಕ್ಕೂ ಅದಕ್ಕೂ ಏನು ಸಂಬಂಧ ಅನ್ನೋದೇ ಈ ಬರಹದ ವಿಷಯ.

ಮೊದಲು ಎರಡು ಶಾಸನ ನೋಡೋಣ. ಬೆಂಗಳೂರಿನ ಅಗರದಲ್ಲಿ ಸಿಕ್ಕ ಗಂಗರ ಕಾಲದ, ಸುಮಾರು ಕ್ರಿ.ಶ. 870ರ ಶಾಸನ ಬಿ.ಎಲ್. ರೈಸ್ ಅವರ ಒಂಬತ್ತನೇ ಸಂಪುಟದಲ್ಲಿದೆ. ಊರೊಡೆಯನೊಬ್ಬ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಆ ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದ ಸಂಗತಿ ಅದರಲ್ಲಿದೆ. ಬಿತ್ತುವಟ್ಟ ಅಂದರೆ ಕೆರೆಯ ಕೆಲಸ ಮಾಡಿದವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಸಿಗುತ್ತಿದ್ದ ಹಕ್ಕು. ಕೆಲಸ ಏನು, ಪ್ರತಿಫಲ ಏನು ಅನ್ನೋದಷ್ಟೇ ಅಲ್ಲಿ ಮುಖ್ಯ.

ಎರಡನೆಯದು ಕರ್ನಾಟಕದ ಹೊರಗಿನದು, ಕಡಪ ಜಿಲ್ಲೆಯ ಪೋರುಮಾಮಿಳ್ಳದ ಸಂಸ್ಕೃತ ಶಾಸನ. ಕಾಲ ಕ್ರಿ.ಶ. 1369. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವನ್ನೂ ಶಾಸನ ಕೊಡುತ್ತದೆ. ನನ್ನಂಥ ಎಂಜಿನಿಯರ್‌ಗಳಿಗೆ ಇದು ಹಬ್ಬ, ಯಾಕೆಂದರೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಗಿರುವ ಆರು ದೋಷಗಳು ಇದರಲ್ಲಿ ಪಟ್ಟಿಯಾಗಿವೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಉದ್ದನೆಯ ಕಲ್ಲು ಸಿಗುವ ಗಣಿ ಇವೆಲ್ಲ ಅಂಗಗಳು. ಏರಿಯಿಂದ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಗದ್ದೆ ಹೆಚ್ಚಿರುವುದು, ನೀರು ಹೆಚ್ಚಿದ್ದು ಗದ್ದೆ ಕಡಿಮೆಯಿರುವುದು ಇವು ದೋಷಗಳು.

ಕಳೆ ಈ ಆರರಲ್ಲಿ ಇಲ್ಲ. ಇವತ್ತು ಬೆಂಗಳೂರಿನ ಯಾವ ಕೆರೆಯ ದೋಷಗಳ ಪಟ್ಟಿ ಮಾಡಿದರೂ ಮೊದಲ ಮೂರರೊಳಗೆ ಕಳೆ ಬರುತ್ತದೆ. 1369ರಲ್ಲಿ ಇಷ್ಟು ಸೂಕ್ಷ್ಮವಾಗಿ ಪಟ್ಟಿ ಮಾಡಿದವರಿಗೆ ಅದು ಹೊಳೆಯಲಿಲ್ಲವೇ?

ಇಲ್ಲೊಂದು ಎಚ್ಚರಿಕೆ. ಶಾಸನಗಳ ಕಾವ್ಯಭಾಗದಲ್ಲಿ ತಾವರೆ, ನೆಯ್ದಿಲು, ಹಂಸ, ದುಂಬಿ ಬರುತ್ತವೆ, ನಿಜ. ಆದರೆ ಅದು ಕವಿಸಮಯ. ತಾವರೆಯೇ ಇಲ್ಲದ ಕೆರೆಗೂ ಕವಿ ತಾವರೆ ಹಾಕುತ್ತಾನೆ. ಹಾಗಾಗಿ ಸಸ್ಯಗಳಿಗೆ ಇದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಅದಕ್ಕಿಂತ ಊರ ಹೆಸರುಗಳನ್ನು ನಂಬಬಹುದು. ಬೆಂಗಳೂರಿನ ಸುತ್ತಲೇ ತಾವರೆಕೆರೆಗಳಿವೆ, ಕುಷ್ಟಗಿ ಕಡೆ ತಾವರಗೇರಾ ಇದೆ. ದಿನಾ ನೀರಿಗೆ ಹೋಗುವ ಜನ ಕಣ್ಣಿಗೆ ಕಂಡದ್ದನ್ನೇ ಹೆಸರಾಗಿ ಇಡುತ್ತಾರೆ.

ಮೌನಕ್ಕೆ ಕಾರಣ ಕೆರೆಯ ಕಟ್ಟಡದಲ್ಲೇ ಇದೆ ಎಂಬುದು ನನ್ನ ಊಹೆ. ನಮ್ಮ ಹಳೆಯ ಕೆರೆಗೆ ಇರೋದು ಒಂದೇ ಏರಿ, ಅದೂ ಇಳಿಜಾರಿನ ಕೆಳಗಡೆ. ಉಳಿದ ಕಡೆ ನೆಲ ನಿಧಾನವಾಗಿ ಏರುತ್ತಾ ಹೋಗುತ್ತದೆ. ಒಂದಕ್ಕೆ ಐವತ್ತರ ಇಳಿಜಾರು ಅಂತಿಟ್ಟುಕೊಳ್ಳಿ. ನೀರು ಒಂದು ಅಡಿ ಇಳಿದರೆ ಐವತ್ತು ಅಡಿ ಅಂಗಳ ಬಯಲಾಗುತ್ತದೆ. ತೂಬು ತೆಗೆದು ಗದ್ದೆಗೆ ನೀರು ಬಿಟ್ಟ ಹಾಗೆಲ್ಲ ಈ ಅಂಚು ಹಿಂದೆ ಸರಿಯುತ್ತಾ ಹೋಗುತ್ತದೆ, ಮಳೆ ಬಂದರೆ ಮತ್ತೆ ಮುಂದೆ ಬರುತ್ತದೆ. ನಮ್ಮ ಜಲಸಸ್ಯಗಳ ಮನೆ ಈ ಅಂಚು. ಮೇಲ್ಗಡೆ ಒದ್ದೆ ನೆಲದಲ್ಲಿ ಹೊನಗೊನೆ, ಒಂದೆಲಗ. ಮೊಣಕಾಲು ನೀರಿನಲ್ಲಿ ಜೊಂಡು. ಆಮೇಲೆ ತಾವರೆ, ನೈದಿಲೆ. ಇನ್ನೂ ಆಳದಲ್ಲಿ, ತಿಳಿನೀರಿನಡಿ, ಬೆಳಕು ತಲುಪುವಷ್ಟು ದೂರ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಮುಳುಗುಗಿಡಗಳು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಇವು ಸತ್ತು ಹೋಗುವುದಿಲ್ಲ. ಬೀಜ, ಗೆಡ್ಡೆ ಕೆಸರಿನಲ್ಲಿ ಕಾದಿರುತ್ತವೆ. ಊರಿನವರು ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು, ಸೊಪ್ಪು ಕಿತ್ತು ಸಾರು ಮಾಡುತ್ತಿದ್ದರು, ಜೊಂಡು ಕೊಯ್ದು ಚಾಪೆಗೆ ಬಳಸುತ್ತಿದ್ದರು. ಹೂಳೆತ್ತುವ ಬಂಡಿಗೆ, ಅದನ್ನು ಹೊಡೆಯುವ ಆಳಿಗೆ ಭೂಮಿ ಬಿಟ್ಟ ಶಾಸನಗಳು ನಮ್ಮಲ್ಲಿ ಇವೆಯಲ್ಲ, ಅವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಬಂಡಿ ವರ್ಷವರ್ಷ ಹೂಳಿನ ಜೊತೆ ಸಾರವನ್ನೂ ಕೆರೆಯಿಂದ ಹೊರಗೆ ಸಾಗಿಸುತ್ತಿತ್ತು. ಹಾಗಾಗಿ ಗಿಡ ಮಿತಿ ಮೀರಲಿಲ್ಲ, ದೋಷದ ಪಟ್ಟಿಗೂ ಸೇರಲಿಲ್ಲ.

ಈಗ ಏನಾಗಿದೆ? ಗದ್ದೆ ಹೋಯಿತು, ತೂಬು ಮುಚ್ಚಿತು, ವರ್ಷಪೂರ್ತಿ ಚರಂಡಿ ನೀರು ಬರುತ್ತದೆ. ನೀರು ಇಳಿಯುವುದೇ ಇಲ್ಲ. ಸಾರಜನಕ, ರಂಜಕ ತುಂಬಿದ ಈ ನೀರು ದಕ್ಷಿಣ ಅಮೆರಿಕದಿಂದ ಬಂದ ಗಂಗೆತಾವರೆಗೆ ಮೃಷ್ಟಾನ್ನ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ಬಂದ ಈ ಗಿಡ ಎಷ್ಟು ಕಾಟ ಕೊಟ್ಟಿತೆಂದರೆ 1936ರಲ್ಲಿ ಅಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಎಷ್ಟೋ ಜನ ಇದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ಆ ಹೆಸರು ಹಳೆಯದು, ಬೇರೆ ಗಿಡದ್ದು. ಗಂಗೆತಾವರೆ ಮೇಲೆ ಹಾಸಿಕೊಂಡರೆ ಕೆಳಗೆ ಬೆಳಕಿಲ್ಲ. ಮುಳುಗುಗಿಡಗಳು ಸಾಯುತ್ತವೆ, ನೀರಿನ ಆಮ್ಲಜನಕ ಇಳಿಯುತ್ತದೆ, ಮೀನು ತೇಲುತ್ತದೆ. ಬೆಳ್ಳಂದೂರಿನಲ್ಲಿ 2015ರ ನೊರೆ, 2017ರ ಬೆಂಕಿ ಎಲ್ಲರಿಗೂ ನೆನಪಿದೆ. ಗಿಡಗಳು ಸದ್ದಿಲ್ಲದೆ ಹೋದದ್ದನ್ನು ಯಾರೂ ವರದಿ ಮಾಡಲಿಲ್ಲ.

ಇನ್ನು ಪುನರುಜ್ಜೀವನದ ಮಾತು. ಜೆಸಿಬಿ ಇಳಿಸಿ, ಕೆರೆಯನ್ನು ಬೋಗುಣಿಯ ಹಾಗೆ ತೋಡಿ, ಸುತ್ತ ಏರಿ ಹಾಕಿ, ಮೇಲೆ ನಡಿಗೆಪಥ ಮಾಡುವುದು ರೂಢಿಯಾಗಿದೆ. ಒಂದೇ ಏರಿಯ ಕೆರೆಗೆ ನಾಲ್ಕೂ ಕಡೆ ಏರಿ! ಹೊಸ ದಂಡೆಯ ಇಳಿಜಾರು ಒಂದಕ್ಕೆ ಒಂದೂವರೆ ಅಂದರೆ, ನೀರು ಒಂದು ಅಡಿ ಇಳಿದಾಗ ಬಯಲಾಗೋದು ಒಂದೂವರೆ ಅಡಿ. ಐವತ್ತು ಎಲ್ಲಿ, ಒಂದೂವರೆ ಎಲ್ಲಿ? ಅಂಗಳವೇ ಇಲ್ಲದ ಮೇಲೆ ಜೊಂಡು, ಹೊನಗೊನೆ ಎಲ್ಲಿ ನಿಲ್ಲಬೇಕು? ಹೂಳಿನ ಜೊತೆ ಹಳೆಯ ಬೀಜಗಳೂ ಲಾರಿ ಹತ್ತಿ ಹೋಗಿರುತ್ತವೆ.

ಹಾಗಂತ ಕೈಚೆಲ್ಲಬೇಕಿಲ್ಲ. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಸಾಲ್ವೀನಿಯಾ ಎಂಬ ಬ್ರೆಜಿಲ್ ಮೂಲದ ನೀರಜರಿ ಮುಚ್ಚಿಹಾಕಿತ್ತು. ವಿಜ್ಞಾನಿಗಳು ಅದೇ ಗಿಡವನ್ನು ತಿನ್ನುವ ಪುಟ್ಟ ಸೊಂಡಿಲಕೀಟವನ್ನು ಬಿಟ್ಟರು. ಸುಮಾರು ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ಹತೋಟಿಗೆ ಬಂತು, ಅದರಡಿ ಸೊರಗಿದ್ದ ನೈದಿಲೆಗಳು ತಾವಾಗಿಯೇ ಚಿಗುರಿದವು. ಬೇರು ಕೆಸರಿನಲ್ಲಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಜಕ್ಕೂರಿನಲ್ಲಿ ಬೇರೆ ದಾರಿ ಹಿಡಿದರು: ಶುದ್ಧೀಕರಿಸಿದ ಚರಂಡಿ ನೀರು ನೇರ ಕೆರೆಗೆ ಹೋಗದೆ, ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾಯ್ದು ಸೇರುತ್ತದೆ. ಜೊಂಡಿನ ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಉಳಿದ ಸಾರವನ್ನು ತಗ್ಗಿಸುತ್ತವೆ. ಆದರೆ ಆ ಜೊಂಡನ್ನು ಆಗಾಗ ಕೊಯ್ದು ಹೊರಹಾಕಬೇಕು, ಇಲ್ಲದಿದ್ದರೆ ಅದು ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಗಂಗೆತಾವರೆಯನ್ನೂ ಒಂದು ಸಲ ತೆಗೆದರೆ ಮುಗಿಯಲಿಲ್ಲ. ಅದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಬದುಕಿರಬಲ್ಲದು, ಮೊಳೆತದ್ದನ್ನು ವರ್ಷವರ್ಷ ಕೀಳಬೇಕು. ಅಂದರೆ ಹಳೆಯ ಬಂಡಿಯ ಕೆಲಸವನ್ನು ಇಂದೂ ಯಾರಾದರೂ ಮಾಡಲೇಬೇಕು, ಅದಕ್ಕೆ ಕೊಡಗೆಯಂಥ ಖಾಯಂ ಏರ್ಪಾಡೂ ಬೇಕು. ಒಂದು ಸಲದ ಗುತ್ತಿಗೆಯಿಂದ ಕೆರೆ ಉಳಿಯದು ಅನ್ನೋದು ಬಿತ್ತುವಟ್ಟ ಕೊಟ್ಟವರಿಗೆ ಗೊತ್ತಿತ್ತು.

ಶಾಸನ ಹುಡುಕಲು ಕೆರೆಗೆ ಹೋಗುವ ನಮ್ಮಂಥವರು ಒಂದು ಕೆಲಸ ಮಾಡಬಹುದು. ಕಲ್ಲಿನ ಅಳತೆ, ಅಕ್ಷರದ ಕಾಲ ಬರೆದುಕೊಳ್ಳುವಾಗ ಇನ್ನೂ ನಾಲ್ಕು ಸಾಲು ಸೇರಿಸಿ: ಹಳೆಯ ಏರಿ ಯಾವ ಕಡೆ, ತೂಬಿನ ಕಂಬ ಎಲ್ಲಿದೆ, ಅಂಗಳ ಎಷ್ಟು ದೂರ ಹರಡಿದೆ, ಅಂಚಿನಲ್ಲಿ ಯಾವ ಗಿಡ ನಿಂತಿದೆ. ಗಿಡದ ಸ್ಥಳೀಯ ಹೆಸರನ್ನು ಊರಿನ ಹಿರಿಯರ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ಕೆರೆಯ ಕಾಮಗಾರಿಯ ನಕ್ಷೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಕ್ಷೆಯಲ್ಲಿ ನಾಲ್ಕು ಕಡೆ ಏರಿ ಕಂಡರೆ, ಕೆಲಸ ಶುರುವಾಗುವ ಮೊದಲೇ ಪ್ರಶ್ನೆ ಕೇಳಿ. ಕೆರೆ ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅಂತ ಶಾಪ ಬರೆಸಿದವರು ಅಳಿಯುವುದು ಅಂದಾಗ ಏರಿ ಒಡೆಯುವುದನ್ನಷ್ಟೇ ನೆನೆದಿರಬಹುದು. ಏರಿ ಗಟ್ಟಿಯಾಗಿ ನಿಂತಿದ್ದೂ ಕೆರೆ ಅಳಿಯಬಹುದು ಅನ್ನೋದನ್ನು ಕಂಡಿರುವವರು ನಾವು.