ವಿಶ್ವವಿದ್ಯಾಲಯಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಅನುಕೂಲತೆ: ಭಾರತದ ಇತಿಹಾಸ

ವಿಕಲಚೇತನ ವಿದ್ಯಾರ್ಥಿಗಳು ಉಳಿದವರೊಂದಿಗೆ ಸಮಾನವಾಗಿ ಓದಿ, ಪರೀಕ್ಷೆ ಬರೆದು, ಪದವಿ ಪಡೆಯಲು ಸಾಧ್ಯವಾಗುವಂತೆ ವಿಶ್ವವಿದ್ಯಾಲಯಗಳು ತಮ್ಮ ಕಟ್ಟಡ, ಪಠ್ಯ, ಬೋಧನೆ ಮತ್ತು ಪರೀಕ್ಷೆಗಳಲ್ಲಿ ಮಾಡಿಕೊಳ್ಳುವ ಮಾರ್ಪಾಡುಗಳ ಒಟ್ಟು ವ್ಯವಸ್ಥೆಯೇ ಅನುಕೂಲತೆ. ಬ್ರೈಲ್ ಹಾಗೂ ಧ್ವನಿ ಪುಸ್ತಕ, ಸನ್ನೆ ಭಾಷೆಯ ದುಭಾಷಿ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಗಾಲಿಕುರ್ಚಿ ಹೋಗಬಲ್ಲ ದಾರಿ ಇವೆಲ್ಲ ಇದರಲ್ಲಿ ಸೇರುತ್ತವೆ. ಭಾರತದಲ್ಲಿ ಈ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಸೀಟು ಮೊದಲು ಸಿಕ್ಕಿತು. ಸೀಟು ಪಡೆದವರಿಗೆ ತಕ್ಕಂತೆ ತರಗತಿ ಮತ್ತು ಪರೀಕ್ಷೆ ಬದಲಾಗಬೇಕೆಂಬ ಹಕ್ಕು ಎರಡು ದಶಕ ತಡವಾಗಿ ಬಂತು. ಇಂದಿನ ಬಹುಪಾಲು ತೊಡಕುಗಳಿಗೆ ಈ ಅಂತರವೇ ಮೂಲ.

ಆರಂಭದ ಪ್ರಯತ್ನಗಳೆಲ್ಲ ಶಾಲಾ ಹಂತದವು, ಅದರಲ್ಲೂ ಪ್ರತ್ಯೇಕ ಶಾಲೆಗಳವು. 1887ರಲ್ಲಿ ಅಮೃತಸರದಲ್ಲಿ ದೇಶದ ಮೊದಲ ಅಂಧರ ಶಾಲೆ ಆರಂಭವಾಯಿತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿ ತೆರೆಯಿತು. 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಸಮಾನ ಬ್ರೈಲ್ ಲಿಪಿ ದೊರೆಯಿತು. ಆದರೆ ಈ ಶಾಲೆಗಳಿಂದ ಕಾಲೇಜಿಗೆ ಬಂದವರ ನೆರವಿಗೆ ಕೇಂದ್ರದ ಸಮಗ್ರ ಕಾನೂನು ಬಂದದ್ದು 1995ರಲ್ಲಿ. ಆ ಕಾಯ್ದೆಯು ಸರ್ಕಾರಿ ಹಾಗೂ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ಮೀಸಲಿಟ್ಟಿತು. ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಲಿಪಿಕಾರರನ್ನು ಒದಗಿಸುವ ಹೊಣೆಯನ್ನೂ ಸಂಸ್ಥೆಗಳ ಮೇಲೆ ಹೊರಿಸಿತು. ಪಠ್ಯಕ್ರಮ ಮತ್ತು ಪರೀಕ್ಷೆಯ ಮಾರ್ಪಾಡು ಮಾತ್ರ ಸರ್ಕಾರ ರೂಪಿಸಬೇಕಾದ ಯೋಜನೆಗಳ ಪಟ್ಟಿಗೆ ಸೇರಿತೇ ಹೊರತು ವಿದ್ಯಾರ್ಥಿ ಕೇಳಿ ಪಡೆಯಬಹುದಾದ ಹಕ್ಕಾಗಲಿಲ್ಲ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಕಾನೂನು 1973ರಲ್ಲೇ ಬಂದಿತ್ತು.

ತಿರುವು ಬಂದದ್ದು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯಿಂದ. ಸಮಂಜಸ ಅನುಕೂಲತೆಯನ್ನು ನಿರಾಕರಿಸುವುದೇ ತಾರತಮ್ಯ ಎಂದು ಸಾರಿದ ಆ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದನ್ನು ಆಧರಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ ವಿಧಗಳು 7ರಿಂದ 21ಕ್ಕೆ ಏರಿದವು. ಉನ್ನತ ಶಿಕ್ಷಣದ ಮೀಸಲಾತಿ ಶೇ. 5ಕ್ಕೆ ಹೆಚ್ಚಿತು, ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯ ಕಾಯ್ದೆಯ ಮಾತಿನಲ್ಲೇ ಸೇರಿತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು 2018ರ ಮಾರ್ಗಸೂಚಿ ತಿಳಿಸಿತು. ಪುಸ್ತಕಗಳ ವಿಷಯದಲ್ಲಿ ಭಾರತ ಇನ್ನೂ ಮುಂದಿತ್ತು. ಓದಬಲ್ಲ ರೂಪಕ್ಕೆ ಪಠ್ಯವನ್ನು ಪರಿವರ್ತಿಸಲು 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಅಂಧರಿಗೆ ಓದಬಲ್ಲ ರೂಪದ ಪುಸ್ತಕಗಳು ಸಿಗುವಂತೆ ಮಾಡುವ ಅಂತಾರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಅನುಮೋದಿಸಿದ ಮೊದಲ ದೇಶ ಭಾರತ.

ಆದರೂ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರವಿದ್ದವರಿಗೆ ಮಾತ್ರ ಸೌಲಭ್ಯ ಎಂಬ ರೂಢಿ ಉಳಿಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ವಿಕಾಸ್ ಕುಮಾರ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ನೀಡಿ, ಶೇ. 40ರ ಮಿತಿ ಮೀಸಲಾತಿಗೆ ಸಂಬಂಧಿಸಿದ್ದು, ಲಿಪಿಕಾರರ ಸೌಲಭ್ಯಕ್ಕೆ ಅದು ಷರತ್ತಾಗದು ಎಂದಿತು. ಇದನ್ನು ಅನುಸರಿಸಿ 2022ರಲ್ಲಿ ಹೊಸ ಮಾರ್ಗಸೂಚಿ ಹೊರಬಂತು.

ಇಂಥ ಅನುಕೂಲತೆಗೆ ಮುಖ್ಯವಾಗಿ ಮೂರು ಆಕ್ಷೇಪಗಳಿವೆ. ಮೊದಲನೆಯದು, ಇದು ಉಳಿದವರಿಗೆ ಅನ್ಯಾಯ ಎಂಬುದು. ಆದರೆ ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸದ ಅರಿವನ್ನು, ಬೆರಳುಗಳ ವೇಗವನ್ನಲ್ಲ. ಅರಿವಿಗೆ ಸಂಬಂಧವಿಲ್ಲದ ಅಡ್ಡಿಯನ್ನು ತೆಗೆದಾಗ ಅಂಕಗಳು ಇನ್ನಷ್ಟು ನಂಬಲರ್ಹವಾಗುತ್ತವೆ. ಎರಡನೆಯದು, ವೈದ್ಯಕೀಯದಂಥ ಕೋರ್ಸುಗಳಲ್ಲಿ ಗುಣಮಟ್ಟ ಕುಸಿಯುತ್ತದೆಂಬ ಭಯ. ರೋಗಿಯ ಸುರಕ್ಷೆ ಮುಖ್ಯವೆಂಬುದು ನಿಜ. ಆದರೆ ಅದಕ್ಕೆ ಉತ್ತರ ಶೇಕಡಾವಾರು ಅಂಕಿಯಲ್ಲಿಲ್ಲ. ವೈಕಲ್ಯದ ಪ್ರಮಾಣವೊಂದನ್ನೇ ನೋಡಿ ಎಂಬಿಬಿಎಸ್ ಪ್ರವೇಶ ನಿರಾಕರಿಸುವಂತಿಲ್ಲ, ವಿದ್ಯಾರ್ಥಿ ಕೋರ್ಸನ್ನು ನಿಭಾಯಿಸಬಲ್ಲನೇ ಎಂದು ವೈದ್ಯಮಂಡಳಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಓಂಕಾರ್ ಗೊಂಡ್ ಪ್ರಕರಣದಲ್ಲಿ ಹೇಳಿದ್ದು ಇದೇ ತತ್ತ್ವದ ಮೇಲೆ. ಮೂರನೆಯದು ಖರ್ಚಿನ ಮಾತು. ಅತಿಯಾದ ಹೊರೆಯನ್ನು ಕಾಯ್ದೆಯೂ ಹೇರುವುದಿಲ್ಲ. ಕಟ್ಟಿದ ಮೆಟ್ಟಿಲನ್ನು ಒಡೆದು ದಾರಿ ಮಾಡುವುದು ದುಬಾರಿ. ನಕ್ಷೆಯಲ್ಲೇ ದಾರಿ ಬರೆಯುವುದು ಅಗ್ಗ. ಪಠ್ಯಕ್ರಮಕ್ಕೂ ಈ ಮಾತು ಅನ್ವಯಿಸುತ್ತದೆ.

ಈ ಇತಿಹಾಸದಲ್ಲಿ ಮುಖ್ಯ ಹೆಜ್ಜೆಗಳನ್ನು ಇಡಿಸಿದ್ದು ಹೋರಾಟಗಳು, ಶಾಸನಗಳು ಮತ್ತು ನ್ಯಾಯಾಲಯದ ತೀರ್ಪುಗಳು. ಕೋರ್ಟಿನ ಮೆಟ್ಟಿಲು ಹತ್ತಿದವರಿಗಷ್ಟೇ ಸಿಗುವ ಅನುಕೂಲತೆ ಹಕ್ಕಿನ ಅರ್ಧ ಭಾಗ ಮಾತ್ರ. ಪಠ್ಯಕ್ರಮವನ್ನು ರೂಪಿಸುವ ಮಂಡಳಿಗಳು ಅನುಕೂಲತೆಯನ್ನು ಮೊದಲ ದಿನದಿಂದಲೇ ತಮ್ಮ ಕೆಲಸವೆಂದು ಒಪ್ಪಿಕೊಂಡಾಗಲೇ 2016ರ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದಂತೆ.