ಪುರಾವೆ ಯಾರು ತರಬೇಕು?
‘ನೀಡ್ ಮೋರ್ ಇನ್ಫೋ’ ಅಂತ ಟಿಕೆಟ್ ವಾಪಸ್ ಬರೋದು ನಿಮಗೆ ಗೊತ್ತು. ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿ ಅರ್ಜಿಯದೂ ಅದೇ ಕಥೆ. ವಡೋದರಾದ ಇಎಂಇ ಸ್ಕೂಲಿನಲ್ಲಿ ಕಲಿತ ಜವಾನನ ದಾಖಲೆ ಸಿಕಂದರಾಬಾದಿನಲ್ಲಿ, ಪಿಂಚಣಿ ಕಚೇರಿ ಪ್ರಯಾಗ್‌ರಾಜ್‌ನಲ್ಲಿ. ಅಹಮದಾಬಾದ್, ಸೂರತ್‌ನವರಿಗೂ ಸೇನಾ ನ್ಯಾಯಮಂಡಳಿ ಪೀಠ ಇರೋದು ಮುಂಬೈಯಲ್ಲಿ. ಪುರಾವೆ ಮಾತ್ರ ಜವಾನನೇ ತರಬೇಕಿತ್ತು!

ಇದಕ್ಕೆ ಉತ್ತರ ಕೊಟ್ಟದ್ದು ಸಿಪಾಯಿ ಧರ್ಮವೀರ್ ಸಿಂಗ್ ಅವರ ಕೇಸು. 1985ರಲ್ಲಿ ಸೇನೆ ಸೇರಿದವರು, ಮೂರ್ಛೆರೋಗದಿಂದ 1994ರಲ್ಲಿ ಹೊರಬಂದರು. ಕಾಯಿಲೆ ಸೇವೆಯಿಂದ ಬಂದದ್ದಲ್ಲ ಅಂತ ಪಿಂಚಣಿ ನಿರಾಕರಿಸಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲದಿದ್ದರೆ ಆತ ಆರೋಗ್ಯವಂತ ಅಂತಲೇ ಭಾವಿಸಬೇಕು, ರುಜುವಾತಿನ ಹೊರೆ ಸೈನಿಕನದ್ದಲ್ಲ.

ಹೊಸ ಮಾತೇನಲ್ಲ. ಅವರು ಸೇನೆ ಸೇರೋ ಮೊದಲೇ, 1982ರ ನಿಯಮಗಳಲ್ಲೇ ಇದು ಇತ್ತು.