ಯಂತ್ರ ಏನು ಮಾಡುತ್ತಿದೆ? ಚಾಲಕನಿಗೆ ತಿಳಿದಿರಬೇಕು

ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಓಡಾಡುವ ಹೊಸ ಕಾರುಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಕೆಲವು ಮುಂದಿನ ವಾಹನದಿಂದ ತಾವೇ ಅಂತರ ಕಾಯ್ದುಕೊಳ್ಳುತ್ತವೆ. ರಸ್ತೆಯ ಗೆರೆಗಳನ್ನು ಕ್ಯಾಮೆರಾದಿಂದ ಗುರುತಿಸಿ ಸ್ಟಿಯರಿಂಗನ್ನು ತುಸು ತಿರುಗಿಸುತ್ತವೆ. ಗೆರೆ ಮಾಸಿದ್ದರೆ ಈ ನೆರವು ನಿಂತುಹೋಗಬಹುದು. ನಿಂತದ್ದು ಚಾಲಕನಿಗೆ ತಿಳಿಯುವುದು ಹೇಗೆ? ಇಂಥ ಪ್ರಶ್ನೆ ಕಾರಿಗಿಂತ ಮೊದಲು ವಿಮಾನದಲ್ಲಿ ಎದುರಾಯಿತು. ಅದರ ಕಹಿ ಪಾಠವೊಂದು ಬೆಂಗಳೂರಿನದೇ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಅದು ಆಗಷ್ಟೇ ಸೇವೆಗೆ ಬಂದಿದ್ದ ಏರ್‌ಬಸ್ ಎ-320. ಹಗಲು ಹೊತ್ತು, ಎಂಜಿನ್‌ಗಳಲ್ಲಿ ದೋಷವಿರಲಿಲ್ಲ. ಆದರೂ ವಿಮಾನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಮಡಿದರು.

ಆದದ್ದೇನು? ಎ-320ರಲ್ಲಿ ಗಣಕವು ಎಂಜಿನ್‌ನ ನೂಕುಬಲವನ್ನು ಎರಡು ಬಗೆಯಲ್ಲಿ ನಿಯಂತ್ರಿಸಬಲ್ಲದು. ಒಂದರಲ್ಲಿ ವೇಗ ಕುಸಿಯದಂತೆ ಬಲವನ್ನು ಹೊಂದಿಸುತ್ತದೆ. ಇನ್ನೊಂದರಲ್ಲಿ ಎಂಜಿನ್ ಕನಿಷ್ಠ ಬಲದಲ್ಲೇ ಇರುತ್ತದೆ, ವಿಮಾನ ಇಳಿಯುತ್ತ ಹೋಗುತ್ತದೆ. ಅಂದು ಇದ್ದದ್ದು ಎರಡನೆಯದು. ವೇಗ ಇಳಿಯುತ್ತಿತ್ತು; ಎಂಜಿನ್ ಅದನ್ನು ಸರಿದೂಗಿಸಲಿಲ್ಲ. ಪೂರ್ಣ ಬಲ ಕೇಳಿದಾಗ ಹೊತ್ತು ಮೀರಿತ್ತು, ಏಕೆಂದರೆ ಕನಿಷ್ಠ ಬಲದಲ್ಲಿರುವ ಜೆಟ್ ಎಂಜಿನ್ ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು.

ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದ ತನಿಖೆಯು, ಅಪಾಯದ ಗಂಭೀರತೆಯನ್ನು ಅರಿತು ತಕ್ಷಣ ಥ್ರಾಟಲ್ ಮುಂದೊತ್ತದ ಪೈಲಟ್‌ಗಳ ಲೋಪವನ್ನು ಎತ್ತಿಹೇಳಿತು. ಯಂತ್ರದ ವಿನ್ಯಾಸವನ್ನೂ ನಾವು ಗಮನಿಸಬೇಕು. ಹಿಂದಿನ ಅನೇಕ ವಿಮಾನಗಳಲ್ಲಿ ಗಣಕ ಬಲವನ್ನು ಬದಲಿಸಿದರೆ ಥ್ರಾಟಲ್ ಸನ್ನೆಯೂ ಸರಿಯುತ್ತಿತ್ತು. ಕೈಗೆ, ಕಣ್ಣಿಗೆ ಸುದ್ದಿ ಮುಟ್ಟುತ್ತಿತ್ತು. ಎ-320ರಲ್ಲಿ ಸನ್ನೆ ಕದಲದು. ಯಾವ ವಿಧಾನ ಜಾರಿಯಲ್ಲಿದೆ ಎಂಬುದನ್ನು ಪರದೆಯ ಮೇಲಿನ ಪುಟ್ಟ ಅಕ್ಷರಗಳಲ್ಲಿ ಓದಬೇಕು. ಮಾಹಿತಿ ಇತ್ತು, ಆದರೆ ಮೈಗೆ ತಟ್ಟುವಂತಿರಲಿಲ್ಲ.

ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಈ ವಿಪರ್ಯಾಸವನ್ನು ಗುರುತಿಸಿದ್ದರು: ಸುಲಭದ ಕೆಲಸ ಯಂತ್ರಕ್ಕೆ, ಅದು ಸೋತಾಗಿನ ಕಠಿಣ ಕೆಲಸ ಅಭ್ಯಾಸ ತಪ್ಪಿದ ಮನುಷ್ಯನಿಗೆ.

ಕಾರಿಗೂ ಇದೇ ಅನ್ವಯಿಸುತ್ತದೆ. ಯಂತ್ರ ಏನು ಕಾಣುತ್ತಿದೆ, ಏನು ಮಾಡಲಿದೆ, ಯಾವಾಗ ಕೈಬಿಡಲಿದೆ ಎಂಬ ಮೂರು ಸಂಗತಿಗಳು ಚಾಲಕನಿಗೆ ತಿಳಿದರೆ ಆತ ಬೇಗ ಎಚ್ಚೆತ್ತುಕೊಳ್ಳಬಲ್ಲ. ಹಾಗೆಂದು ಎಲ್ಲವನ್ನೂ ಪರದೆಗೆ ತುಂಬಿದರೆ ಕಣ್ಣು ರಸ್ತೆಯನ್ನೇ ಬಿಟ್ಟೀತು. ಪಾರದರ್ಶಕತೆ ಎಂದರೆ ಹೆಚ್ಚು ಮಾಹಿತಿಯಲ್ಲ. ತಕ್ಕ ಸಮಯಕ್ಕೆ ತಕ್ಕ ಇಂದ್ರಿಯಕ್ಕೆ ಮುಟ್ಟುವ ಮಾಹಿತಿ. ಅದನ್ನು ದೀಪ, ದನಿ, ಕಂಪನಗಳಲ್ಲಿ ಯಾವುದು ಚೆನ್ನಾಗಿ ಮುಟ್ಟಿಸೀತು? ತರಗತಿಯಲ್ಲಿ ಚರ್ಚಿಸಿ ನೋಡಿ.